ಬೋಗಾದಿ ಛತ್ರದಲ್ಲಿ ನನ್ನ ಟ್ರೈನಿಂಗು

ಮೂರು ಜನ ಸೇರಿ ಒಂದು ಗೋಡೆ ಎಬ್ಬಿಸುವ ಕಡೆ ದಿನಕ್ಕೊಂದು ಎಡವಟ್ಟಾದರೂ ಆಗಲೇಬೇಕು. ಆಗಲಿಲ್ಲವೆಂದರೆ ಅವತ್ತು ಕೆಲಸವೇ ನಡೆದಿಲ್ಲ ಎಂದು ತಿಳಿಯಿರಿ. ಇದು ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಾರೋ ಹೇಳಿಕೊಟ್ಟ ಪಾಠವಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಸಿವಿಲ್ ಓದುತ್ತಿದ್ದ ನಾನು ಕೊನೆಯ ವರ್ಷದ ಟ್ರೈನಿಂಗಿಗೆಂದು ಸೇರಿದ ಒಂದು ಪುಟ್ಟ ಕನ್ಸಲ್ಟೆನ್ಸಿಯಲ್ಲಿ ಕಲಿತದ್ದು.

ಆ ಆಫೀಸು ಇದ್ದದ್ದು ಮೈಸೂರಿನ ಕುಂಬಾರಕೊಪ್ಪಲಿನಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲೆ. ರಾಗಿ ಬೀಸುವ ದಿನ ನಮ್ಮ ನಕ್ಷೆಗಳೆಲ್ಲ ಕಂದು, ಗೋಧಿ ಬೀಸುವ ದಿನ ಬಿಳಿ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಇಂಜಿನಿಯರೊಬ್ಬರು ಅದನ್ನು ನಡೆಸುತ್ತಿದ್ದರು. ನಮಗೆಲ್ಲ ಅವರು ಬರೀ 'ಸಾರ್'. ಕೈಕೆಳಗೆ ಇದ್ದವಳು ನಾನೊಬ್ಬಳೇ, ಆದರೂ 'ನಮಗೆಲ್ಲ' ಎಂದೇ ಬಾಯಿಗೆ ಬರುತ್ತದೆ. ಈಗ ನಾನು ಇದೇ ಮೈಸೂರಿನ ಒಂದು ತಣ್ಣನೆಯ ಕೋಣೆಯಲ್ಲಿ ಕೂತು ಕಟ್ಟಡಗಳನ್ನು ಪರದೆಯ ಮೇಲೆ ನೋಡುತ್ತೇನೆ. ಧೂಳಿಲ್ಲ, ಗಲಾಟೆಯಿಲ್ಲ. ಎಲ್ಲಾದರೂ ಹಿಟ್ಟಿನ ಗಿರಣಿಯ ಮುಂದೆ ಹಾದುಹೋದರೆ ಮಾತ್ರ ಕಾಲು ತಾನಾಗಿ ನಿಧಾನವಾಗುತ್ತದೆ. ಮಹಡಿ ಹತ್ತಿಬಿಡೋಣ ಅನ್ನಿಸುತ್ತದೆ.

'ಬಡಿಸ್ರಯ್ಯಾ' ಅನ್ನೋರು

ನಾನು ಸೇರಿದಾಗ ಸಾರ್ ಕೈಯಲ್ಲಿ ಇದ್ದದ್ದು ಒಂದೇ ದೊಡ್ಡ ಕೆಲಸ. ಬೋಗಾದಿಯ ಹೊಸ ಬಡಾವಣೆಯಲ್ಲಿ ಒಂದು ಮದುವೆ ಛತ್ರ. ಅದನ್ನು ಕಟ್ಟಿಸುತ್ತಿದ್ದ ಯಜಮಾನರು ಪೇಟೆಯಲ್ಲಿ ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ಇಟ್ಟವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಮೈಸೂರಿನ ಯಾವ ಮನೆಯಲ್ಲಿ ಯಾವ ವರ್ಷ ಎಷ್ಟು ಹಂಡೆ ಅನ್ನ ಬೆಂದಿತ್ತು ಎಂಬುದು ಅವರಿಗೆ ನಾಲಿಗೆಯ ತುದಿಯಲ್ಲಿತ್ತು.

ಅವರಿಗೊಂದು ಆಸೆ. ಆಸೆಯೂ ಅಲ್ಲ, ಹಟ. ಒಬ್ಬಳೇ ಮಗಳ ಮದುವೆ ಮಾಘ ಮಾಸಕ್ಕೆ ಗೊತ್ತಾಗಿತ್ತು. ಆ ಛತ್ರದಲ್ಲಿ ನಡೆಯುವ ಮೊದಲ ಮದುವೆ ಅದೇ ಆಗಬೇಕು.

"ನನ್ನ ಮದ್ವೆ ಎಂಥ ಲಗ್ನಸಾಲಲ್ಲಿ ಬಂತು ಗೊತ್ತೇನಮ್ಮ? ನಮ್ಮಪ್ಪನ ಅಂಗಡೀಲಿ ಒಂದು ಸೌಟೂ ಉಳಿದಿರ್ಲಿಲ್ಲ. ಎಲ್ಲಾ ಬಾಡಿಗೆಗೆ ಹೋಗ್ಬುಟ್ಟಿದ್ವು. ಊರಿಗೆಲ್ಲ ಹಂಡೆ ಕೊಡೋರ ಮನೆ ಮದ್ವೆಗೆ ಪಕ್ಕದ ಮನೆ ಸೋರೋ ಕೊಳದಪ್ಪಲೇಲಿ ಸಾರು ಮಾಡಿದ್ರು. ನನ್ನ ಮಗಳಿಗೆ ಹಂಗಾಗಬಾರದು. ನನ್ನ ಪಾತ್ರೆ, ನನ್ನ ಚಾಪೆ, ನನ್ನ ಸೂರು. ಅಷ್ಟೇ ಕಣಮ್ಮ."

ಹೀಗೆ ಹೇಳುವಾಗ ಅವರ ಧ್ವನಿ ಇಳಿಯುತ್ತಿತ್ತು. ನಾನೂ ಇಪ್ಪತ್ತೊಂದರ ಹುಡುಗಿ, ಕೇಳಿ ಕರಗಿಹೋದೆ. ಆ ಛತ್ರ ಮುಗಿಯದಿದ್ದರೆ ನನ್ನ ಮದುವೆಯೇ ನಿಂತುಹೋಗುತ್ತದೇನೋ ಎನ್ನುವಷ್ಟು ಚಿಂತೆ ಅವತ್ತಿನಿಂದ ನನಗೂ ಅಂಟಿಕೊಂಡಿತು.

ಒಂದು ದಿನ ಅವರ ಹೆಂಡತಿ ಸೈಟಿಗೆ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಗಂಡನನ್ನು ಕೇಳಿದರು: "ಪ್ಲಾನ್ ಬರೆದೋರು ಬೇರೆ, ಕಟ್ಟೋ ಮೇಸ್ತ್ರಿ ಬೇರೆ. ಈ ಮಗಳೂ ಇವರ ಸಾರೂ ಏನು ಮಾಡ್ತಾರೆ?"

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂದರೇನು ಎಂದು ನಾನು ಪುಸ್ತಕದ ಮಾತು ಶುರು ಮಾಡುವಷ್ಟರಲ್ಲಿ ಯಜಮಾನರು ಕೈಯೆತ್ತಿ ತಡೆದರು.

"ಊಟದ ಮನೇಲಿ ಹೆಗಲ ಮೇಲೆ ಟವಲ್ ಹಾಕ್ಕೊಂಡು ಒಬ್ಬ ನಿಂತಿರ್ತಾನಲ್ಲ? ಅಡಿಗೇನೂ ಮಾಡಲ್ಲ, ಬಡಿಸೋದೂ ಇಲ್ಲ. 'ಆ ಪಂಕ್ತಿಗೆ ಸಾರು ಬಂದಿಲ್ಲ, ಬಡಿಸ್ರಯ್ಯಾ ಬಡಿಸಿ' ಅಂತ ಕೂಗ್ತಾ ಇರ್ತಾನಲ್ಲ? ಅವರೇ ಇವರು."

ಆಮೇಲೆ ನಾನು ಈ ವೃತ್ತಿಯ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದ್ದೇನೆ. ಇದಕ್ಕಿಂತ ಒಳ್ಳೆಯ ವಿವರಣೆ ಎಲ್ಲೂ ಸಿಕ್ಕಿಲ್ಲ. ಸಾರ್‌ಗೆ ಹೇಳಿದಾಗ ಅವರು ತಮ್ಮ ಟವಲ್ ತೆಗೆದು ನನ್ನ ಹೆಗಲಿಗೆ ಹಾಕಿದರು.

ಅನ್ನ ಇನ್ನೂ ಬೆಂದಿಲ್ಲ

ಯಾವ ಕೆಲಸ ಯಾವಾಗ ಶುರು, ಯಾವಾಗ ಮುಗಿತಾಯ ಎಂದು ಗೆರೆ ಗೆರೆಯಾಗಿ ತೋರಿಸುವ ಚಾರ್ಟೊಂದನ್ನು ಸಾರ್ ಸೈಟಿನ ಷೆಡ್ಡಿನಲ್ಲಿ ತೂಗುಹಾಕಿದ್ದರು. ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು.

"ಸಾರ್, ಇದು ಜಮಖಾನ ಇದ್ದಂಗೆ ಅದೆ. ನಂಗೆ ಅರ್ಥ ಆಗಲ್ಲ. ಬಡಿಸೋ ಕ್ರಮದಲ್ಲಿ ಹೇಳ್ಬುಡಿ."

ಸಾರ್ ನನ್ನ ಕಡೆ ತಿರುಗಿ, "ನೀನೇ ಬರಿ" ಎಂದರು. ನಾನು ಕೂತು ಬರೆದೆ. ಪಾಯ ಅಂದರೆ ಎಲೆ ಹಾಸಿ ನೀರು ಚಿಮುಕಿಸೋದು. ಪಿಲ್ಲರು ಅಂದರೆ ಉಪ್ಪು, ಕೋಸಂಬರಿ. ಗೋಡೆ ಪಲ್ಯ. ಛಾವಣಿಯ ಸ್ಲ್ಯಾಬು ಅನ್ನ. ನೆಲಹಾಸು ಸಾರು. ಕರೆಂಟಿನ ಕೆಲಸ ಉಪ್ಪಿನಕಾಯಿ, ಸ್ವಲ್ಪ ಹಿಂದುಮುಂದಾದರೂ ಊಟ ನಿಲ್ಲುವುದಿಲ್ಲ. ಬಣ್ಣ ಪಾಯಸ. ಯಾವುದು ತಡವಾದರೆ ಎಲ್ಲವೂ ತಡವಾಗುತ್ತದೋ ಅದನ್ನು ನಮ್ಮ ವಿದ್ಯೆಯಲ್ಲಿ ಕ್ರಿಟಿಕಲ್ ಎನ್ನುತ್ತಾರೆ. ಯಜಮಾನರಿಗೆ ನಾನು ಅದನ್ನು ಹೇಳಲೇಬೇಕಾಗಲಿಲ್ಲ. ಅವರೇ, "ಅನ್ನ ಬರದೆ ಸಾರು ಎಲ್ಲಿಗೆ ಹುಯ್ತೀಯಮ್ಮ" ಎಂದರು.

ಅವತ್ತಿನಿಂದ ಸೈಟಿನ ಭಾಷೆಯೇ ಬದಲಾಯಿತು. ಮೇಸ್ತ್ರಿ, ಗಾರೆಯವರು, ಕೊನೆಗೆ ಸಾರ್ ಕೂಡ ಆ ಮಾತಿಗೆ ಒಗ್ಗಿಹೋದರು. "ಪಲ್ಯ ಎಲ್ಲಿಗೆ ಬಂತು?" "ಪಲ್ಯ ಮುಗೀತು ಸಾರ್, ಬಾಗಿಲ ಹತ್ರ ಒಂಚೂರು ಬಾಕಿ."

ಹಿಂದುಗಡೆಯ ಊಟದ ಮನೆಗೆ ಸ್ಲ್ಯಾಬು ಹಾಕಿದ ಮಾರನೇ ದಿನವೇ ಗಂಡಿನ ತಂದೆ ನೋಡಲು ಬಂದರು. ನಂಜನಗೂಡು ಕಡೆಯವರು, ಮಾತು ಕಡಿಮೆ. ಯಜಮಾನರು ಆಗ ಇರಲಿಲ್ಲ. ಬೀಗರು ಮೇಸ್ತ್ರಿಯನ್ನೇ ಕೇಳಿದರು: "ಊಟದ ಮನೆ ಕಥೆ ಏನಪ್ಪ?"

"ಅನ್ನ ನೆನ್ನೆ ತಾನೇ ಹಾಕಿದೀವಿ ಸ್ವಾಮಿ. ಈಗ ಮುಟ್ಟಂಗಿಲ್ಲ. ಇನ್ನು ಎರಡು ವಾರ ನೀರು ಕಟ್ಟಿ ನಿಲ್ಲಿಸ್ಬೇಕು. ಆಮೇಲೆ ಗಟ್ಟಿಯಾಯ್ತದೆ."

ಬೀಗರು ಒಂದು ಸುತ್ತು ನೋಡಿ ಹೊರಟುಹೋದರು. ಅವತ್ತು ಸಂಜೆಯೇ ಯಜಮಾನರ ಮನೆಗೆ ಅವರಿಂದ ಫೋನು ಬಂತು: "ಎಲ್ಲಾ ಒಪ್ಪಿಗೆ. ಅಡಿಗೆಯವರನ್ನ ಮಾತ್ರ ನಮ್ಮ ಕಡೆಯಿಂದಲೇ ಕರ್ಕೊಂಡು ಬರ್ತೀವಿ."

ಆಯ್ತದೆ ಬುಡಿ

ಮೇಸ್ತ್ರಿ ಒಳ್ಳೆಯ ಮನುಷ್ಯ. ಅವರ ಬಾಯಲ್ಲಿ 'ಆಗಲ್ಲ' ಎಂಬ ಮಾತು ಹುಟ್ಟಿದ್ದನ್ನು ನಾನು ಕೇಳಿಲ್ಲ. ಏನು ಕೇಳಿದರೂ ಒಂದೇ ಉತ್ತರ. ಮೊದಮೊದಲು ನಾನು ಅದನ್ನು ನಂಬಿ, ಆಫೀಸಿಗೆ ಹೋಗಿ, "ಮೇಸ್ತ್ರಿ ಆಗುತ್ತೆ ಅಂದ್ರು ಸಾರ್" ಎಂದು ವರದಿ ಒಪ್ಪಿಸುತ್ತಿದ್ದೆ.

"ಏನಂದ? ಅವನು ಅಂದ ಹಾಗೇ ಹೇಳು," ಎಂದು ಸಾರ್ ಒಂದು ದಿನ ಕೇಳಿದರು.

"ಆಯ್ತದೆ ಬುಡಿ ಅಂದ್ರು."

"ಬುಡಿ ಸೇರಿಸಿದ್ನಾ?"

"ಸೇರಿಸಿದ್ರು."

ಸಾರ್ ಕನ್ನಡಕ ತೆಗೆದು ಪಾಠ ಮಾಡಿದರು. "ಬರೀ 'ಆಯ್ತದೆ' ಅಂದ್ರೆ ಈ ವಾರ ಆಗುತ್ತೆ. 'ಆಯ್ತದೆ ಬುಡಿ' ಅಂದ್ರೆ ಮುಂದಿನ ವಾರ ಮತ್ತೆ ಕೇಳು ಅಂತ. 'ಆಯ್ತದೆ ಬುಡಿ ಅಮ್ಮ, ನೀವ್ಯಾಕೆ ತಲೆ ಕೆಡಿಸ್ಕಂತೀರಿ' ಅಂದ್ರೆ ಅವನು ಇನ್ನೂ ಸಾಮಾನೇ ತರಿಸಿಲ್ಲ ಅಂತ."

"ಅದರ ಮೇಲೆ ಕಾಫಿ ತರಿಸಿಕೊಟ್ರೆ ಸಾರ್?"

"ಕಾಫಿ ಕೊಟ್ನಾ?" ಸಾರ್ ಎದ್ದೇಬಿಟ್ಟರು. "ನಡಿ, ಏನೋ ಬಿದ್ದುಹೋಗಿದೆ!"

ನಿಜವಾಗಿಯೂ ಕಾಂಪೌಂಡಿನ ಒಂದು ಮೂಲೆ ಬಿದ್ದುಹೋಗಿತ್ತು.

ಆ ಮಾತು ನನ್ನ ನಾಲಿಗೆಗೂ ಹತ್ತಿತು. ಕಾಲೇಜಿನಲ್ಲಿ ನನ್ನ ಟ್ರೈನಿಂಗ್ ನೋಡಿಕೊಳ್ಳುತ್ತಿದ್ದ ಲೆಕ್ಚರರು, "ರಿಪೋರ್ಟು ಯಾವಾಗ ಕೊಡ್ತೀಯಮ್ಮ?" ಎಂದಾಗ, ಯೋಚನೆಯೇ ಇಲ್ಲದೆ, "ಆಯ್ತದೆ ಬುಡಿ ಸಾರ್" ಅಂದುಬಿಟ್ಟೆ. ಅಂದ ಮೇಲೆ ಜೀವ ಬಾಯಿಗೆ ಬಂತು. ಅವರು ಬೈಯಲಿಲ್ಲ. ನಿಟ್ಟುಸಿರುಬಿಟ್ಟು, "ಹಾಗಾದ್ರೆ ಮುಂದಿನ ವರ್ಷ ಅನ್ನು. ನಮ್ಮನೇನೂ ಅದೇ ಮೇಸ್ತ್ರೀನೇ ಕಟ್ತಾ ಇರೋದು" ಎಂದರು.

ಮೈಸೂರಿನ ಮಂಜು

ಆಯುಧಪೂಜೆ ಕಳೆದ ಮಾರನೇ ಬೆಳಗ್ಗೆ, ಜಂಬೂಸವಾರಿಯ ರಜೆಯಿದ್ದರೂ, ನೆಲದ ಮಟ್ಟ ನೋಡಬೇಕಿತ್ತು. ದುರ್ಬೀನಿನಂಥ ಮಟ್ಟದ ಯಂತ್ರವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ಸಾರ್ ಕಣ್ಣಿಟ್ಟರು.

"ಏನಿದು ಇಷ್ಟೊಂದು ಮಂಜು?"

ನಾನು ಸುತ್ತ ನೋಡಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಎಣಿಸಬಹುದಾದಷ್ಟು ಬಿಸಿಲು. ಸಾರ್ ಮತ್ತೆ ಕಣ್ಣಿಟ್ಟು, "ಇಲ್ಲ, ದಟ್ಟವಾಗಿದೆ. ದಸರಾ ಕಾಲದಲ್ಲಿ ಹೀಗೆ ಮಂಜು ಬಿದ್ದದ್ದು ನಾನು ನೋಡಿಲ್ಲ. ಕಾಯೋಣ, ಬಿಸಿಲೇರಿದ ಮೇಲೆ ಕರಗುತ್ತೆ" ಎಂದರು. ಬಿಸಿಲೇರಿತು. ಮೇಸ್ತ್ರಿಯ ಬೆನ್ನ ಮೇಲೆ ಬೆವರು ಇಳಿಯಿತು. ಯಂತ್ರದೊಳಗೆ ಮಾತ್ರ ಮಾರ್ಗಶಿರದ ಬೆಳಗು. ಸಾರ್ ಮುಖದಲ್ಲಿ ಗಾಬರಿ ಕಾಣಿಸಿಕೊಂಡಿತು. ಕಣ್ಣಿನ ಪೊರೆಯೇನೋ, ನಾಳೆಯೇ ಆಸ್ಪತ್ರೆಗೆ ಹೋಗಬೇಕು ಎಂದು ಗೊಣಗಿದರು.

ಅಷ್ಟರಲ್ಲಿ ಯಜಮಾನರು ಬಂದರು. ಯಂತ್ರವನ್ನು ನೋಡಿ ಭಕ್ತಿಯಿಂದ ಕೈಮುಗಿದು, "ನೆನ್ನೆ ನೀವು ಹೋದ ಮೇಲೆ ನಾನೇ ಪೂಜೆ ಮಾಡ್ದೆ ಸಾರ್. ಮಿಕ್ಕಿದ್ದಕ್ಕೆಲ್ಲ ಕುಂಕುಮ ಇಟ್ಟೆ. ಇದಕ್ಕೆ ಮಾತ್ರ ವಿಭೂತಿ" ಎಂದರು.

"ಎಲ್ಲಿಗೆ ಇಟ್ರಿ?"

"ಇನ್ನೆಲ್ಲಿಗೆ? ಕಣ್ಣಿಗೇ ಇಟ್ಟೆ. ದೃಷ್ಟಿ ಚೆನ್ನಾಗಿರಲಿ ಅಂತ."

ಸಾರ್ ಮನೆ ಮುಂದೆ ಶಾಮಿಯಾನ

ಡಿಸೆಂಬರ್ ಬಂದರೂ ದೊಡ್ಡ ಹಾಲಿನ ಸ್ಲ್ಯಾಬಿಗೆ ಬೇಕಾದ ಕಬ್ಬಿಣ ಬಂದಿರಲಿಲ್ಲ. ಕಬ್ಬಿಣದ ಅಂಗಡಿಯವನಿಗೆ ಯಜಮಾನರೇ ಹೋಗಿ ಹೇಳಬೇಕಿತ್ತು. ಸಾರ್ ಬೇಸರದಿಂದ, "ಅವರಿಗೆ ಫೋನ್ ಮಾಡು. ಛತ್ರ ಕ್ರಿಟಿಕಲ್ ಆಗಿದೆ, ಸಂಜೆಯೊಳಗೆ ಬಂದು ನೋಡ್ಕೊಂಡು ಹೋಗಲಿ ಅನ್ನು" ಎಂದು ಹೇಳಿ ಹೊರಗೆ ಹೋದರು.

ನಾನು ಬಾಡಿಗೆ ಅಂಗಡಿಗೆ ಫೋನ್ ಮಾಡಿದೆ. ಎತ್ತಿದವರು ಅಲ್ಲಿನ ಗುಮಾಸ್ತರು. ಕೆಳಗೆ ಗಿರಣಿ ಗರಗರ ಎನ್ನುತ್ತಿತ್ತು. ನಾನು ಗಂಟಲು ಹರಿಯುವಂತೆ ಕೂಗಿ ಹೇಳಿದೆ: "ನಾನು ಸಾರ್ ಆಫೀಸಿಂದ! ಛತ್ರ ಕ್ರಿಟಿಕಲ್ ಆಗಿದೆ! ಸಂಜೆಯೊಳಗೆ ಬಂದು ನೋಡ್ಕೊಂಡು ಹೋಗ್ಬೇಕಂತೆ!" ಆ ಕಡೆಯಿಂದ, "ಅಯ್ಯೋ ಶಿವನೇ" ಎಂಬ ಉದ್ಗಾರ ಬಂತು. ಛತ್ರದ ಮೇಲೆ ಗುಮಾಸ್ತರಿಗೂ ಇಷ್ಟು ಪ್ರೀತಿ ಇದೆಯಲ್ಲ ಎಂದು ಸಂತೋಷಪಟ್ಟೆ.

ಗಿರಣಿಯ ಸದ್ದಿನಲ್ಲಿ 'ಛತ್ರ' ಎಂಬುದು ಪುಡಿಯಾಗಿ, ಅವರಿಗೆ ಕೇಳಿಸಿದ್ದು "ಸಾರ್ ಕ್ರಿಟಿಕಲ್ ಆಗಿದೆ" ಎಂದು. ಗುಮಾಸ್ತರು ಅನುಭವಸ್ಥರು. ಮಾರನೇ ದಿನ ದೊಡ್ಡ ಲಗ್ನ, ಇದ್ದಬದ್ದ ಶಾಮಿಯಾನವೆಲ್ಲ ಬಾಡಿಗೆಗೆ ಹೋಗುವುದಿತ್ತು. ನಮ್ಮವರಿಗೇ ಇಲ್ಲದಂತಾಗಬಾರದು ಎಂದು ಒಂದನ್ನು ಮೊದಲೇ ವಿದ್ಯಾರಣ್ಯಪುರಂನ ಸಾರ್ ಮನೆಗೆ ಕಳಿಸಿಯೇಬಿಟ್ಟರು.

ಸಂಜೆ ಸಾರ್ ಸ್ಕೂಟರಿನಲ್ಲಿ ಮುಂದೆ, ನಕ್ಷೆಗಳ ಕಟ್ಟು ಹೊತ್ತ ನಾನು ಲೂನಾದಲ್ಲಿ ಹಿಂದೆ, ಅವರ ಮನೆಯ ಬೀದಿಗೆ ತಿರುಗಿದೆವು. ಮನೆ ಮುಂದೆ ಕುರ್ಚಿ ಇಳಿದಿವೆ, ಶಾಮಿಯಾನ ಏಳುತ್ತಿದೆ, ಎದುರು ಮನೆಯವರು ತಲೆತಗ್ಗಿಸಿ ನಿಂತಿದ್ದಾರೆ. ಮನೆಗೆ ಬೀಗ. ಸಾರ್ ಹೆಂಡತಿ ತರಕಾರಿಗೆ ಹೋಗಿದ್ದರು.

ಸಾರ್ ಗಾಬರಿಯಿಂದ ಏಣಿಯ ಮೇಲಿದ್ದವನನ್ನು ಕೇಳಿದರು: "ಯಾರಪ್ಪ ಹೋಗಿದ್ದು?"

"ಯಾರೋ ಇಂಜಿನೀರ್ ಸಾರಂತೆ. ಒಳ್ಳೇ ಮನ್ಸ ಅಂತಿದ್ರು. ಆ ಹಗ್ಗ ಒಸಿ ಹಿಡ್ಕಳಿ."

ಸಾರ್ ಹಗ್ಗ ಹಿಡಿದುಕೊಂಡರು. ಸುದ್ದಿ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರೊಳಗೆ ಅಭ್ಯಾಸಬಲ ಸುಮ್ಮನಿರಲಿಲ್ಲ. "ಆ ಕಂಬ ವಾಲಿದೆ ನೋಡು, ನೆಟ್ಟಗೆ ನಿಲ್ಸು" ಎಂದು ಎರಡು ಸಲ ಹೇಳಿಯೇ, "ಯಾವ ಇಂಜಿನಿಯರು?" ಎಂದು ಕೇಳಿದರು.

ಯಜಮಾನರು ಅಳುತ್ತ ಆಟೋದಿಂದ ಇಳಿದವರು, ಹಗ್ಗ ಹಿಡಿದು ನಿಂತ ಸಾರ್ ಅವರನ್ನು ಕಂಡು ಅಲ್ಲೇ ರಸ್ತೆಯಲ್ಲಿ ಕೂತುಬಿಟ್ಟರು. ಆಮೇಲೆ ಎದ್ದು ಅವರನ್ನು ತಬ್ಬಿಕೊಂಡರು. ತರಕಾರಿ ಚೀಲದೊಂದಿಗೆ ಬಂದ ಸಾರ್ ಹೆಂಡತಿ ಎಲ್ಲವನ್ನೂ ಕೇಳಿ, ಚೀಲ ಕೆಳಗಿಟ್ಟು ಅಂದದ್ದು ಇಷ್ಟು: "ನಿಮ್ಮ ಅರವತ್ತರ ಶಾಂತಿ ಮಾಡಿಸಿಕೊಳ್ಳಿ ಅಂತ ಒಂದು ವರ್ಷದಿಂದ ಬಡ್ಕೊಂಡೆ. ಶಾಮಿಯಾನ ತಾನಾಗೇ ಬಂದಿದೆ. ನಾಳೆ ಪುರೋಹಿತರನ್ನ ಕರೀರಿ."

ಶಾಂತಿ ನಡೆದೇಹೋಯಿತು. ನಾನೂ ಹೋಳಿಗೆ ತಿಂದೆ.

ಬಹಳ ವರ್ಷಗಳ ಮೇಲೆ ಸಾರ್ ನಿಜವಾಗಿಯೂ ಹೋದಾಗ, ಅದೇ ಮನೆ ಮುಂದೆ ಅದೇ ಅಂಗಡಿಯ ಶಾಮಿಯಾನ ಎದ್ದಿತ್ತು. ಮುದುಕರಾಗಿದ್ದ ಯಜಮಾನರು ತಾವೇ ಬಂದು ಹಗ್ಗ ಕಟ್ಟಿಸುತ್ತಿದ್ದರು. ಸಾರ್ ಹೆಂಡತಿ ನನ್ನ ಕೈ ಹಿಡಿದು ಹೊರಗಿನ ಕಂಬವೊಂದನ್ನು ತೋರಿಸಿದರು. "ನೋಡು, ವಾಲಿಕೊಂಡಿದೆ. ಇವರಿದ್ದಿದ್ರೆ ಬಿಡ್ತಿದ್ರಾ?" ಎಂದರು. ನಾವಿಬ್ಬರೂ ನಕ್ಕೆವು, ಆಮೇಲೆ ನಗು ಎಲ್ಲಿ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅವರನ್ನು ನೆನೆಸಿಕೊಂಡರೆ ಈಗಲೂ ನನಗೆ ಹಾಗೇ ಆಗುತ್ತದೆ.

ಕಂಬದ ಮದುವೆ

ಇಷ್ಟೆಲ್ಲ ಎಡವಟ್ಟುಗಳ ಮಧ್ಯೆ ಕಬ್ಬಿಣ ತಡವಾಯಿತು. ಅದು ಬರುವ ಹೊತ್ತಿಗೆ ಮೇಸ್ತ್ರಿಯ ಕಡೆಯವರು ಸಂಕ್ರಾಂತಿಗೆಂದು ಊರಿಗೆ ಹೋದರು. ದನಗಳಿಗೆ ಕಿಚ್ಚು ಹಾಯಿಸಿ ಬರುತ್ತೇವೆ ಎಂದವರು, ದನಗಳೇ ಮರೆತುಹೋಗುವಷ್ಟು ದಿನ ಅಲ್ಲೇ ಉಳಿದರು. ದೊಡ್ಡ ಹಾಲಿಗೆ ಸ್ಲ್ಯಾಬು ಹಾಕಿದಾಗ ಮದುವೆ ಎದುರಿಗೇ ನಿಂತಿತ್ತು.

ಹಸಿ ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರಲು ಕೆಳಗೆ ಸರ್ವೆ ಮರದ ಕಂಬಗಳನ್ನು ಕೊಟ್ಟಿರುತ್ತಾರೆ. ಹಾಲಿನ ತುಂಬ ಅವೇ. ಒಳಗೆ ನಡೆಯುವುದೆಂದರೆ ಒಂದು ತೋಪಿನಲ್ಲಿ ದಾರಿ ಹುಡುಕಿದ ಹಾಗೆ. ಯಜಮಾನರು ಸಾರ್ ಮುಂದೆ ಕೈಮುಗಿದರು.

"ಒಂದೇ ಒಂದು ದಿನ ತೆಗೀರಿ ಸಾರ್. ಧಾರೆ ಆದ್ಮೇಲೆ ಮತ್ತೆ ನಿಲ್ಸಿ."

"ಅದೇನು ನಿಮ್ಮ ಅಂಗಡಿ ಶಾಮಿಯಾನವೇನ್ರೀ, ಬಿಚ್ಚಿ ಕಟ್ಟೋಕೆ? ತೆಗೆದ್ರೆ ಛಾವಣಿ ತಲೆ ಮೇಲೆ ಬರುತ್ತೆ. ಬೇರೆ ಛತ್ರ ನೋಡಿ."

ಬೇರೆ ಛತ್ರ ಎಂಬ ಮಾತಿಗೆ ಯಜಮಾನರು ಸಿಮೆಂಟಿನ ಮೂಟೆಯ ಮೇಲೆ ಕುಸಿದು ಕೂತರು. ಟವಲಿನಿಂದ ಮುಖ ಮುಚ್ಚಿಕೊಂಡರು. ಒಂದು ಸುಳ್ಳು ಲೆಕ್ಕ ಹೇಳಿಯಾದರೂ ಆ ಕಾಂಕ್ರೀಟನ್ನು ಬೇಗ ಗಟ್ಟಿ ಮಾಡಿಸಲಾಗದೇ ಎಂದು ಸಾರ್ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಅವರ ಕಣ್ಣೂ ಒದ್ದೆಯಾಗಿತ್ತು, ಆದರೆ ತಲೆ ಅಡ್ಡಡ್ಡವಾಗಿಯೇ ಆಡಿತು.

ಕೊನೆಗೆ ಯಜಮಾನರು ಎದ್ದು ಒಂದು ಕಂಬವನ್ನು ಸವರಿದರು. ಸುತ್ತಳತೆಯನ್ನು ಗೇಣಿನಲ್ಲಿ ಅಳೆದರು. "ಸಾರ್, ಕಂಬ ಇದ್ರೆ ಅಡಿಯಲ್ಲಿ ಜನ ಕೂತ್ಕೋಬೋದಾ?"

"ಕಂಬ ಇದ್ರೆ ಆನೆ ಬೇಕಾದ್ರೂ ಕೂರಿಸಿ. ಯಾರೂ ಕಂಬ ಅಲ್ಲಾಡಿಸಬಾರದು, ಮಾಳಿಗೆ ಮೇಲೆ ಹತ್ತಬಾರದು, ಅಷ್ಟೇ."

"ಬಟ್ಟೆ ಸುತ್ಬೋದಾ?"

ಸಾರ್ ತಿರುಗಿ ನೋಡಿದರು. "ಸುತ್ತಿ. ಮೊಳೆ ಮಾತ್ರ ಹೊಡೀಬೇಡಿ."

ಬಟ್ಟೆಗೇನು ಬರ? ಅಂಗಡಿಯಲ್ಲಿದ್ದ ಶಾಮಿಯಾನ, ಪರದೆ, ಜರಿ ಅಂಚಿನ ತೋರಣ ಎಲ್ಲ ಬೋಗಾದಿಗೆ ಬಂತು. ಆ ಲಗ್ನಕ್ಕೆ ಬೇರೆ ಯಾರಿಗೂ ಒಂದು ತುಂಡೂ ಬಾಡಿಗೆಗೆ ಕೊಡಲಿಲ್ಲ. ಪ್ರತಿ ಕಂಬಕ್ಕೂ ಕೆಂಪು ಹಳದಿ ಬಟ್ಟೆ, ಅದರ ಮೇಲೆ ಮಲ್ಲಿಗೆ ದಿಂಡು, ಚೆಂಡುಹೂವು. ಮದುವೆಯ ದಿನ ಒಳಗೆ ಕಾಲಿಟ್ಟವರೆಲ್ಲ ಬಾಯಿ ತೆರೆದು ನಿಂತರು. ನಿಂತವರಿಗೆ ಮದುವೆ ಮಾತ್ರ ಕಾಣಿಸಲಿಲ್ಲ. ಒಬ್ಬರಿಗೆ ಗಂಡಿನ ಪೇಟ ಕಂಡರೆ ಇನ್ನೊಬ್ಬರಿಗೆ ಹೆಣ್ಣಿನ ಮೊಣಕೈ. ಫೋಟೋದವನು ಎಲ್ಲಿ ನಿಂತರೂ ಗಂಡಿನ ಸೋದರತ್ತೆಯ ಮುಖಕ್ಕೆ ಸರಿಯಾಗಿ ಕಂಬ. ಅಕ್ಷತೆ ಯಾವ ದಿಕ್ಕಿಗೆ ಹಾಕಬೇಕೆಂದು ತಿಳಿಯದೆ ಜನ ಪಕ್ಕದವರಿಗೇ ಹಾಕಿದರು. ಆ ಲೆಕ್ಕದಲ್ಲಿ ಅವತ್ತು ನನಗೂ ಒಬ್ಬ ಅಪರಿಚಿತ ತಾತನಿಗೂ ಧಾರೆಯಾಗಿಹೋಯಿತು.

ಬೀಗರು ಕಂಬಗಳನ್ನು ಒಂದು ಸುತ್ತು ನೋಡಿ ಬಂದು, "ಎಲ್ಲಾ ಬಹಳ ಚೆನ್ನಾಗಿದೆ. ಆದರೂ ಕಂಬಕ್ಕೆ ಇಷ್ಟೊಂದು ಖರ್ಚು ಮಾಡಬಾರದಿತ್ತು" ಎಂದು ನೊಂದುಕೊಂಡರು. ಮಗಳಿಗೆ ತಾಳಿ ಬೀಳುವಾಗ ಯಜಮಾನರು ಒಂದು ಕಂಬವನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಸಾರ್ ಓಡಿಹೋಗಿ ಅವರನ್ನು ಕಂಬದಿಂದ ಬಿಡಿಸಿ ತಮ್ಮ ಹೆಗಲಿಗೆ ಒರಗಿಸಿಕೊಂಡರು. ಪ್ರೀತಿಗೋ, ಕಂಬ ಅಲ್ಲಾಡುತ್ತದೆಂಬ ಭಯಕ್ಕೋ, ನಾನು ಕೇಳಲಿಲ್ಲ.

ಕಂಬ ತೆಗೆದ ದಿನವೇ ನನ್ನ ಟ್ರೈನಿಂಗಿನ ಕೊನೆಯ ದಿನ. ಹಾಲು ಬರಿದಾಗಿ, ವಿಶಾಲವಾಗಿ, ಮಾತಾಡಿದರೆ ಮಾರ್ದನಿ ಬರುವ ಹಾಗಿತ್ತು. ಮೇಸ್ತ್ರಿ ಕೊನೆಯ ಕಂಬಗಳನ್ನು ಲಾರಿಗೆ ಹೇರಿಸುತ್ತಿದ್ದರು. ನಾಳೆಯಿಂದ ಇಲ್ಲಿಗೆ ಬರುವ ಹಾಗಿಲ್ಲವಲ್ಲ ಎಂದು ಒದ್ದೆ ಸಿಮೆಂಟಿನ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಅದರ ಮೇಲಿನ ಆಸೆ ಇವತ್ತಿಗೂ ತೀರಿಲ್ಲ.

ಅಷ್ಟರಲ್ಲಿ ಬೋಗಾದಿಯವರೇ ಒಬ್ಬರು ಸಂಸಾರ ಸಮೇತ ಬಂದರು. ಯಜಮಾನರ ಮಗಳ ಮದುವೆಗೆ ಬಂದಿದ್ದವರು, ಅವತ್ತೇ ತಮ್ಮ ಮಗನ ಮದುವೆಗೆ ಛತ್ರ ಹಿಡಿದಿದ್ದರಂತೆ. ತಮ್ಮ ಬೀಗರಿಗೆ ತೋರಿಸುವ ಮೊದಲು ಮನೆಯವರನ್ನು ಜಂಬದಿಂದ ಕರೆತಂದಿದ್ದರು. ಒಳಗೆ ಬಂದವರೇ ಕಂಗಾಲಾದರು.

"ಕಂಬ ಎಲ್ರೀ? ಕಂಬ ನೋಡಿ ತಾನೇ ನಾವು ಈ ಛತ್ರ ಒಪ್ಪಿದ್ದು! ಬೀಗರಿಗೆ ಅರಮನೆ ಇದ್ದಂಗದೆ ಅಂತ ಹೇಳಿದೀವಿ. ಕಂಬ ಇಲ್ದಿದ್ರೆ ಅವರು ಒಪ್ಪಲ್ಲ, ಹೇಳ್ಬುಟ್ಟೆ!"

ಯಜಮಾನರು ಒಂದು ಕ್ಷಣ ಸಾರ್ ಮುಖ ನೋಡಿದರು. ಸಾರ್ ಮಾಳಿಗೆ ನೋಡಿದರು. ಯಜಮಾನರು ಹೊರಗೋಡಿ, ಹೊರಟಿದ್ದ ಲಾರಿಗೆ ಅಡ್ಡ ನಿಂತು ಕೈಬೀಸಿದರು.

"ಮೇಸ್ತ್ರೀ! ಇಳ್ಸು ಇಳ್ಸು! 

ಎಲ್ಲಾ ಕಂಬಾನೂ ಇದ್ದಲ್ಲೇ ವಾಪಸ್ ನಿಲ್ಸು!"

ಮೇಸ್ತ್ರಿ ಬೆಚ್ಚಿಬಿದ್ದು ಲಾರಿಯಿಂದ ಧುಮುಕಿದರು. "ಯಾಕ್ ಬುದ್ಧಿ? ಸ್ಲ್ಯಾಬು ಬೀಳಂಗದಾ?"

"ಸ್ಲ್ಯಾಬು ನಿಂತದೆ ಕಣಯ್ಯಾ! ಕಂಬ ಇಲ್ದಿದ್ರೆ ಮದ್ವೆ ನಿಂತೋಯ್ತದೆ!"